ಕದ್ರುವಿನ ಮೊಟ್ಟೆಗಳು

ಪಾಶ್ಚಾತ್ಯರ ಕಥೆಗಳಲ್ಲಿ ಡ್ರಾಗನ್ ಎಂಬ ಹೆಸರಿನ ಪ್ರಾಣಿಯೊಂದುಂಟು. ಹಲ್ಲಿಯ ಮೈ, ಬಾವಲಿಯ ರೆಕ್ಕೆ, ಬಾಯಲ್ಲಿ ಬೆಂಕಿ, ಹೊಟ್ಟೆಯಡಿಯಲ್ಲಿ ಹೊನ್ನಿನ ರಾಶಿ. ಇಷ್ಟು ಲಕ್ಷಣಗಳಿಂದ ಅದನ್ನು ಮಕ್ಕಳೂ ಗುರುತಿಸಬಲ್ಲರು. ಆದರೆ ಅದು ಹುಟ್ಟುವ ಬಗೆ ಹೇಗೆ, ಮೊಟ್ಟೆಗೆ ಎಂತಹ ಕಾವು ಬೇಕು ಎಂಬ ಪ್ರಶ್ನೆಗಳನ್ನು ಅಲ್ಲಿಯ ಕಥೆಗಾರರು ಮನಸ್ಸಿಟ್ಟು ಕೇಳಿದ್ದು ಈಚೆಗೆ. 1937ರಲ್ಲಿ ಪ್ರಕಟವಾದ ಟೋಲ್ಕಿನ್ನನ 'ಹಾಬಿಟ್' ಕಥೆಯ ಡ್ರಾಗನ್ನಿಗೆ ಸಂಸಾರವಿಲ್ಲ, ಸಂತಾನವಿಲ್ಲ. ನಿಧಿಯೊಂದೇ ಅದರ ಲೋಕ. 1968ರಲ್ಲಿ ಆನ್ ಮೆಕ್ಯಾಫ್ರಿ ಎಂಬ ಲೇಖಕಿ ಬಿಸಿ ಮರಳಿನಲ್ಲಿ ಬಲಿಯುವ ಡ್ರಾಗನ್ ಮೊಟ್ಟೆಗಳನ್ನು ಕಲ್ಪಿಸಿದಳು. 1996ರಲ್ಲಿ ಹೊರಬಂದ ಜಾರ್ಜ್ ಮಾರ್ಟಿನ್ನನ ಕಾದಂಬರಿಯಲ್ಲಿ ಕಲ್ಲಾಗಿದ್ದ ಮೂರು ಮೊಟ್ಟೆಗಳು ಚಿತೆಯ ಬೆಂಕಿಯಲ್ಲಿ ಒಡೆದು ಮರಿಗಳಾಗುತ್ತವೆ. ಕನ್ನಡದ ಮನೆಗಳ ಹುಡುಗರೂ ಈಗ ಇವನ್ನು ಓದುವರು, ಪರದೆಯ ಮೇಲೆ ನೋಡುವರು. ಇಲ್ಲದ ಪ್ರಾಣಿಗೆ ಇರುವ ಪ್ರಾಣಿಯಂತೆ ಬಸಿರು ಬಾಣಂತನಗಳನ್ನು ಕಟ್ಟಿಕೊಡುವ ಈ ವಿದ್ಯೆಯನ್ನು ಹೊಸತೆಂದೇ ಭಾವಿಸುವರು. ಅದು ಹೊಸತಲ್ಲವೆಂಬುದಕ್ಕೆ ಮಹಾಭಾರತದ ಆದಿಪರ್ವ ಸಾಕ್ಷಿ. ಪುರಾಣಗಳೂ ಕನ್ನಡದ ಒಂದು ವಿಷವೈದ್ಯ ಗ್ರಂಥವೂ ಅದಕ್ಕೆ ಒತ್ತಾಸೆ. ಇಲ್ಲಿ ಡ್ರಾಗನ್ನಿನ ಸ್ಥಾನದಲ್ಲಿರುವುದು ನಾಗ.

ಈ ಭಾಗಗಳನ್ನು ಓದುವವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ಇವೆಲ್ಲ ಅಜ್ಞಾನದ ಕಾಲದ ಕಟ್ಟುಕತೆಯೆಂದು ಪುಟ ತಿರುಗಿಸುವರು. ಮತ್ತೊಂದು ಪಂಗಡದವರಿಗೆ ಇವುಗಳಲ್ಲಿ ಇಂದಿನ ವಿಜ್ಞಾನವೆಲ್ಲ ಮೊದಲೇ ಅಡಗಿರುವುದು ಕಾಣುತ್ತದೆ. ಇಬ್ಬರೂ ಗ್ರಂಥವನ್ನು ಓದದೆ ತೀರ್ಪು ಕೊಡುವವರೆಂದು ಹೇಳಿದರೆ ತಪ್ಪಾಗದು. ಕಲ್ಪನೆ ಎಲ್ಲಿ ಕಣ್ಣಿನ ಅನುಭವದಿಂದ ಹೊರಟಿತು, ಎಲ್ಲಿ ಲೆಕ್ಕದ ಹುಚ್ಚಿಗೆ ಬಿದ್ದಿತು, ಎಲ್ಲಿ ಕಾವ್ಯವಾಯಿತು ಎಂಬುದನ್ನು ಬೇರೆಬೇರೆಯಾಗಿ ನೋಡುವುದೇ ವಿಮರ್ಶೆಯ ಕೆಲಸ.

ಬೆಂಗಳೂರಿನ ಉತ್ತರಕ್ಕೆ, ಯಲಹಂಕದಿಂದಾಚೆ, ಬಾಗಲೂರಿನ ಕಡೆಯ ಹಳ್ಳಿಗಳಲ್ಲಿ ಅರಳಿಕಟ್ಟೆಯ ನಾಗರಕಲ್ಲುಗಳನ್ನು ಕಾಣದವರಿಲ್ಲ. ಹೆಡೆಯೆತ್ತಿದ ಒಂಟಿ ಸರ್ಪ, ಸೊಂಟದ ಮೇಲೆ ಹೆಣ್ಣಾಗಿ ಕೆಳಗೆ ಹಾವಾದ ನಾಗಿಣಿ, ಒಂದನ್ನೊಂದು ಹೆಣೆದುಕೊಂಡು ಮೇಲೆದ್ದ ಜೋಡಿ ಸರ್ಪ, ಇವು ಸಾಮಾನ್ಯವಾದ ಬಗೆಗಳು. ಇನ್ನೂ ಉತ್ತರಕ್ಕೆ ಹೋದರೆ ದೊಡ್ಡಬಳ್ಳಾಪುರದ ಕಡೆಯ ಘಾಟಿ ಸುಬ್ರಹ್ಮಣ್ಯದಲ್ಲಿ ಸಂತಾನಾರ್ಥಿಗಳು ಹರಕೆಯಾಗಿ ನಿಲ್ಲಿಸಿದ ಇಂತಹ ಕಲ್ಲುಗಳು ಲೆಕ್ಕಕ್ಕೆ ಸಿಕ್ಕುವಂತಿಲ್ಲ. ಹಾವಿನ ಮೊಟ್ಟೆಯನ್ನು ಒಡೆದವರಿಗೆ ಮಕ್ಕಳಾಗುವುದಿಲ್ಲವೆಂಬುದೂ, ಕಲ್ಲನ್ನು ಪ್ರತಿಷ್ಠೆ ಮಾಡಿದರೆ ಆ ದೋಷ ಕಳೆಯುವುದೆಂಬುದೂ ಜನರ ನಂಬಿಕೆ. ಮನುಷ್ಯನ ಮನೆಯ ತೊಟ್ಟಿಲಿಗೂ ಹುತ್ತದೊಳಗಿನ ಮೊಟ್ಟೆಗೂ ಹೀಗೆ ಗಂಟು ಬಿದ್ದಿದೆ.

ಜೋಡಿ ಸರ್ಪದ ಕಲ್ಲಿನ ವಿಷಯವಾಗಿ ಒಂದು ಮಾತು. ಹೊಲದ ಬದುವಿನಲ್ಲಿ ಎರಡು ಹಾವುಗಳು ಹುರಿಯಂತೆ ಸುತ್ತಿಕೊಂಡು ಮೈಯೆತ್ತುವುದನ್ನು ಕಂಡವರು ಅದನ್ನು ಮಿಲನವೆಂದು ತಿಳಿಯುವರು. ಮೇಲೆ ಹೊಸ ಬಟ್ಟೆಯನ್ನು ಹಾಸಿ ತೆಗೆದಿಟ್ಟರೆ ಮನೆಗೆ ಮಂಗಳವೆಂದೂ ಹೇಳುವರು. ಬಹುಮಟ್ಟಿಗೆ ಅದು ಮಿಲನವಲ್ಲ, ಎರಡು ಗಂಡು ಕೇರೆಹಾವುಗಳ ಕಾಳಗ. ಒಂದರ ತಲೆಯನ್ನು ಮತ್ತೊಂದು ನೆಲಕ್ಕೆ ಒತ್ತಲು ನೋಡುವುದು. ಕಚ್ಚುವುದಿಲ್ಲ, ಸೋತದ್ದು ಹರಿದು ಹೋಗುವುದು. ನಿಜವಾದ ಮಿಲನದಲ್ಲಿ ಹಾವುಗಳು ಹೆಚ್ಚಾಗಿ ನೆಲದ ಮೇಲೆಯೇ, ಬಾಲದ ಕಡೆ ಕೂಡಿ, ಬಹಳ ಹೊತ್ತು ಮಲಗಿರುವುವು. ಹಾಗಾದರೆ ಶಿಲ್ಪಿ ತಪ್ಪಿದನೆ? ಅವನು ಕೆತ್ತಿದ್ದು ಕಣ್ಣು ಕಂಡ ಆಕೃತಿಯನ್ನು, ಆಕೃತಿ ನಿಜ. ಅದಕ್ಕೆ ಜನ ಕೊಟ್ಟ ಅರ್ಥ ಬೇರೆಯಾಯಿತು. ಕಲೆಯಲ್ಲಿ ಇದು ದೋಷವೆನಿಸದು.

ಪುರಾಣಗಳ ಸರ್ಪಶಾಸ್ತ್ರಕ್ಕೆ ಬಂದರೆ ಮಾತು ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಭವಿಷ್ಯಪುರಾಣದಲ್ಲಿಯೂ ಅಗ್ನಿಪುರಾಣದಲ್ಲಿಯೂ ಹಾವಿನ ಜನ್ಮವೃತ್ತಾಂತ ಬರುವುದು. ಭವಿಷ್ಯಪುರಾಣದ ಪ್ರಕಾರ ಹಾವುಗಳು ಜ್ಯೇಷ್ಠ ಆಷಾಢಗಳಲ್ಲಿ ಕೂಡುವುವು. ಮಳೆಗಾಲದ ನಾಲ್ಕು ತಿಂಗಳು ಹೆಣ್ಣು ಗರ್ಭವನ್ನು ಧರಿಸಿರುವುದು. ಕಾರ್ತಿಕದಲ್ಲಿ 240 ಮೊಟ್ಟೆಗಳನ್ನಿಡುವುದು. ಇಟ್ಟ ಮೊಟ್ಟೆಗಳನ್ನು ತಾಯಿಯೇ ತಿನ್ನುತ್ತ ಬಂದು ಕಡೆಗೆ ಕರುಣೆಯಿಂದ ಕೆಲವನ್ನು ಉಳಿಸುವುದು. ಹೊಂಬಣ್ಣದ ಮೊಟ್ಟೆಯಿಂದ ಗಂಡು. ಬಾಗೆಹೂವಿನ ಬಣ್ಣದ್ದರಿಂದ ನಪುಂಸಕ. ಆರು ತಿಂಗಳಿಗೆ ಮೊಟ್ಟೆಯೊಡೆಯುವುದು. ಮರಿಗೆ ಇಷ್ಟು ದಿನಕ್ಕೆ ಬಣ್ಣ, ಇಷ್ಟು ದಿನಕ್ಕೆ ಹಲ್ಲು. ವಿಷದ ಹಲ್ಲುಗಳು ನಾಲ್ಕು. ಕರಾಳಿ, ಮಕರೀ, ಕಾಳರಾತ್ರಿ, ಯಮದೂತಿ ಎಂದು ಅವಕ್ಕೆ ಹೆಸರು. ಆಯುಷ್ಯ 120 ವರ್ಷ. ಅಕಾಲಮರಣಕ್ಕೆ ಕಾರಣಗಳು ಎಂಟು: ನವಿಲು, ಮನುಷ್ಯ, ಚಕೋರ, ದನದ ಗೊರಸು, ಬೆಕ್ಕು, ಮುಂಗುಸಿ, ಹಂದಿ, ಚೇಳು.

ಈ ಪಟ್ಟಿಯನ್ನು ನಿಧಾನವಾಗಿ ಓದಿದವರಿಗೆ ಇದರಲ್ಲಿ ಇಬ್ಬರ ಕೈವಾಡ ಕಾಣುವುದು. ದನದ ಗೊರಸಿಗೆ ಸಿಕ್ಕಿ ಸಾಯುವ ಹಾವನ್ನು ಸೇರಿಸಿದವನು ಹೊಲಗದ್ದೆಗಳಲ್ಲಿ ಓಡಾಡಿದವನು. ಹಂದಿ ಹಾವನ್ನು ತಿನ್ನುವುದನ್ನು ಕಂಡವನು. 240 ಎಂಬ ಸಂಖ್ಯೆಯನ್ನಿಟ್ಟವನು ಮನೆಯೊಳಗೆ ಕುಳಿತು ಎಣಿಸಿದವನು. ನಾಗರಹಾವು ಇಡುವುದು ಹನ್ನೆರಡರಿಂದ ಮೂವತ್ತು ಮೊಟ್ಟೆ. ದೊಡ್ಡ ಹೆಬ್ಬಾವು ನೂರರವರೆಗೆ ಇಡಬಹುದು. ಅದರಾಚೆಗೆ ಕನ್ನಡನಾಡಿನ ಯಾವ ಹಾವೂ ಹೋಗದು. 120 ವರ್ಷದ ಆಯುಷ್ಯ ಮನುಷ್ಯನ ಪೂರ್ಣಾಯುಷ್ಯದಿಂದ ಎರವಲು ತಂದದ್ದು. 240 ಅದರ ಇಮ್ಮಡಿ. ಋತುವಿನ ಲೆಕ್ಕವೂ ಹೀಗೆಯೇ. ನಾಗರಹಾವು ಮೊಟ್ಟೆಯಿಡುವ ಕಾಲ ಚೈತ್ರ ವೈಶಾಖದಿಂದ ಆಷಾಢದವರೆಗೆ. ಸುಮಾರು ಎರಡು ತಿಂಗಳಿಗೆ ಮರಿ ಹೊರಬರುವುದು. ಮಳೆ ಬಿದ್ದು ಕಪ್ಪೆಗಳು ಹೆಚ್ಚಿದ ಕಾಲಕ್ಕೆ ಮರಿಗಳು ಸಿದ್ಧ. ಪುರಾಣಕಾರನಾದರೋ ಗರ್ಭವನ್ನು ಚಾತುರ್ಮಾಸ್ಯಕ್ಕೂ ಪ್ರಸವವನ್ನು ಕಾರ್ತಿಕಕ್ಕೂ ಹೊಂದಿಸಿಬಿಟ್ಟನು. ಯತಿಗಳು ಒಂದೆಡೆ ನಿಲ್ಲುವ ಕಾಲದಲ್ಲಿ ಹಾವೂ ಬಸುರಿಯಾಗಿ ಒಂದೆಡೆ ನಿಲ್ಲಲಿ ಎಂಬುದು ಸೊಗಸಾದ ಊಹೆಯೇ ಸರಿ, ಆದರೆ ಅದು ಪಂಚಾಂಗದ ಹಾವು.

ಮೊಟ್ಟೆಯ ಬಣ್ಣದಿಂದ ಲಿಂಗವನ್ನು ಹೇಳುವ ಮಾತೂ ಕಲ್ಪನೆಯೇ. ಹಾವಿನ ಮೊಟ್ಟೆಗಳೆಲ್ಲ ಬಿಳುಪು, ಚರ್ಮದಂತೆ ಮೆದು. ಹಾವಿನಲ್ಲಿ ಗಂಡು ಹೆಣ್ಣಿನ ನಿರ್ಣಯ ಬೀಜದಲ್ಲಿಯೇ ಆಗಿಹೋಗಿರುವುದು. ಮೊಸಳೆಯಲ್ಲಿಯೂ ಹಲವು ಆಮೆಗಳಲ್ಲಿಯೂ ಮಾತ್ರ ಮೊಟ್ಟೆಗೆ ತಗಲುವ ಕಾವಿನ ಹೆಚ್ಚು ಕಡಿಮೆಯಿಂದ ಗಂಡೋ ಹೆಣ್ಣೋ ಆಗುವುದುಂಟು. ಇದನ್ನು ಯಾವ ಪುರಾಣಕಾರನೂ ಊಹಿಸಲಿಲ್ಲ, ಊಹಿಸಿದ್ದರೆ ಅದರಿಂದ ಎಂತಹ ಕಥೆ ಹುಟ್ಟುತ್ತಿತ್ತೋ! ಮತ್ತೊಂದು ಕೊರತೆಯೂ ಇದೆ. ಸರ್ಪಗಳನ್ನೆಲ್ಲ ಅಂಡಜವೆಂದು ಒಂದೇ ಕೋಣೆಯಲ್ಲಿ ಕೂಡಿದ್ದರಿಂದ, ಕೊಳಕುಮಂಡಲ ಮೊಟ್ಟೆಯಿಡದೆ ಮರಿಯನ್ನೇ ಹಾಕುವುದೆಂಬ ಸಂಗತಿಗೆ ಆ ವಿಭಾಗದಲ್ಲಿ ಜಾಗವೇ ಇಲ್ಲವಾಯಿತು. ಹಾವುಗಳ ಜಾತಿಯನ್ನು ವಿಂಗಡಿಸುವುದರಲ್ಲಿ ಸುಶ್ರುತ ಪರಂಪರೆಯ ವೈದ್ಯರು ಇವರಿಗಿಂತ ಎಷ್ಟೋ ಎಚ್ಚರದವರು. ಹೆಡೆಯುಳ್ಳ ದರ್ವೀಕರ, ಮೈಮೇಲೆ ಮಂಡಲಗಳುಳ್ಳ ಮಂಡಲಿ, ಗೆರೆಗಳುಳ್ಳ ರಾಜಿಮಂತ ಎಂಬ ವಿಭಾಗಕ್ಕೆ ನಾಗರ, ಕೊಳಕುಮಂಡಲ, ಕಟ್ಟುಹಾವುಗಳು ಚೆನ್ನಾಗಿ ಹೊಂದುವುವು. ಮಂಡಲವೆಂಬ ಹೆಸರು ಕನ್ನಡದ ರೈತನ ಬಾಯಲ್ಲಿ ಇಂದಿಗೂ ಉಳಿದಿದೆಯಷ್ಟೆ.

ಲೆಕ್ಕವನ್ನು ಬಿಟ್ಟು ಕಥೆಯ ಕಡೆಗೆ ತಿರುಗಿದಾಗ ಮಾತಿನ ಸತ್ತ್ವವೇ ಬದಲಾಗುವುದು. ಕದ್ರೂ ವಿನತೆಯರ ವೃತ್ತಾಂತ ಯಾರಿಗೆ ತಿಳಿಯದು? ಕಶ್ಯಪನು ವರ ಕೊಡಲು ಬಂದಾಗ ಕದ್ರು ಸಾವಿರ ನಾಗರನ್ನು ಕೇಳಿದಳು. ವಿನತೆ, ಅವರೆಲ್ಲರನ್ನು ಮೀರಿಸುವ ಇಬ್ಬರೇ ಸಾಕೆಂದಳು. ಇಬ್ಬರೂ ಮೊಟ್ಟೆಗಳನ್ನೇ ಹೆತ್ತರು. ಪರಿಚಾರಕಿಯರು ಆ ಮೊಟ್ಟೆಗಳನ್ನು ಹಬೆಯಾಡುವ, ತೇವವುಳ್ಳ ಪಾತ್ರೆಗಳಲ್ಲಿಟ್ಟು 500 ವರ್ಷ ಕಾದರು. ಕದ್ರುವಿನ ಮಕ್ಕಳು ಹೊರಬಂದರು. ವಿನತೆಯ ಮೊಟ್ಟೆಗಳು ಅಲುಗಲಿಲ್ಲ. ನಾಚಿಕೆಯಿಂದಲೂ ಆತುರದಿಂದಲೂ ಅವಳು ಒಂದನ್ನು ಒಡೆದು ನೋಡಿದಳು. ಒಳಗಿದ್ದ ಮಗನಿಗೆ ಮೇಲಿನ ಅರ್ಧದೇಹ ತುಂಬಿತ್ತು, ಕೆಳಗಿನ ಅರ್ಧ ಇನ್ನೂ ಆಗಿರಲಿಲ್ಲ. ಅವನೇ ಅರುಣ. ಸವತಿಗೆ 500 ವರ್ಷ ದಾಸಿಯಾಗೆಂದು ತಾಯಿಯನ್ನು ಶಪಿಸಿ, ಉಳಿದ ಮೊಟ್ಟೆಯನ್ನಾದರೂ ಕಾದುಕೋ, ಅದರಲ್ಲಿರುವವನು ನಿನ್ನನ್ನು ಬಿಡಿಸುವನೆಂದು ಹೇಳಿ ಅವನು ಸೂರ್ಯನ ರಥವನ್ನೇರಿದನು. ಮತ್ತೆ 500 ವರ್ಷಕ್ಕೆ ಗರುಡನು ಹುಟ್ಟಿದನು.

ಈ ಕಥೆಯನ್ನು ಆತುರಗೇಡಿತನಕ್ಕೆ ನೀತಿಪಾಠವೆಂದು ಮಾತ್ರ ಹೇಳುವುದು ರೂಢಿ. ಆದರೆ ಇದರ ಬಲವಿರುವುದು ನೀತಿಯಲ್ಲಲ್ಲ, ಆ ಅರೆಮೈಯಲ್ಲಿ. ಮೊಟ್ಟೆಯೊಳಗಿನ ಭ್ರೂಣ ತಲೆಯ ಕಡೆಯಿಂದ ಬಾಲದ ಕಡೆಗೆ ಬಲಿಯುತ್ತ ಹೋಗುವುದೆಂಬುದು ಇಂದು ಶಾಲೆಯ ಮಕ್ಕಳೂ ಓದುವ ಪಾಠ; ಮೊದಲು ದಪ್ಪ ತಲೆ, ದೊಡ್ಡ ಕಣ್ಣು, ಕೆಳಗೆ ಕೈಕಾಲುಗಳ ಮೊಳಕೆ. ಕಾವಿಗೆ ಕೂತ ಕೋಳಿಯ ಮೊಟ್ಟೆ ಅಕಾಲದಲ್ಲಿ ಒಡೆದುಹೋದಾಗ ಯಾವ ಅಡಿಗೆಮನೆಯ ಹೆಂಗಸಾದರೂ ಇದನ್ನು ಕಂಡಿರಬಹುದು. ಕವಿ ಅದನ್ನೇ ತೆಗೆದುಕೊಂಡು ತೊಡೆಯಿಲ್ಲದ ದೇವತೆಯನ್ನು ಮಾಡಿದನು. ಉದಯಕ್ಕೆ ಮುಂಚಿನ ಕೆಂಪು ಪೂರ್ತಿ ಬೆಳಕಲ್ಲ, ಪೂರ್ತಿ ಕತ್ತಲೆಯೂ ಅಲ್ಲ. ಅದು ಅರ್ಧ ಬೆಳೆದದ್ದು. ಸೂರ್ಯನಿಗೆ ಮುಂಚೆ ಹೊರಟ ಬೆಳಕೂ ತಾಯಿಯ ಆತುರದಿಂದ ಹೊರಬಂದ ಮಗುವೂ ಒಂದೇ ಆಗಿ ನಿಂತಿರುವ ಈ ಎಡೆಯಲ್ಲಿ ಜೀವಶಾಸ್ತ್ರವೇ ಉಪಮೆಯಾಯಿತು. ಇಷ್ಟನ್ನು ಸಾಧಿಸಿದ ಮೊಟ್ಟೆ ಪಾಶ್ಚಾತ್ಯರ ಡ್ರಾಗನ್ ಕಥೆಗಳಲ್ಲಿ ಮತ್ತೊಂದಿಲ್ಲ.

ಹಬೆಯ ಪಾತ್ರೆಯ ಮಾತೂ ಲಘುವಾದದ್ದಲ್ಲ. ಮಾರ್ಟಿನ್ನನ ಮೊಟ್ಟೆಗಳಿಗೆ ಬೇಕಾದದ್ದು ಒಣ ಬೆಂಕಿ, ಮೆಕ್ಯಾಫ್ರಿಯವಕ್ಕೆ ಸುಡುವ ಮರಳು. ನಿಜವಾದ ಹಾವಿನ ಮೊಟ್ಟೆಯನ್ನು ಹಾಗೆ ಇಟ್ಟರೆ ಚಿಪ್ಪು ಕುಗ್ಗಿ, ನೀರಾರಿ, ಮರಿ ಸಾಯುವುದು. ಅದಕ್ಕೆ ಬೇಕಾದದ್ದು ಹಿತವಾದ ಬೆಚ್ಚನೆಯೊಡನೆ ತೇವ. ಅದು ಸುತ್ತಲಿನ ತೇವವನ್ನು ಹೀರಿ ಉಬ್ಬುವುದು. ಆದಿಪರ್ವದ ಪರಿಚಾರಕಿಯರಿಗೆ ಇದು ಗೊತ್ತಿತ್ತು. ಬಯಲುಸೀಮೆಯ ನಾಗರಹಾವು ಇದೇ ಗುಣವುಳ್ಳ ಪಾತ್ರೆಯನ್ನು ಹುಡುಕಿ ಇಲಿಯ ಬಿಲಕ್ಕೋ ಹುತ್ತಕ್ಕೋ ಸೇರುವುದು. ಹೊರಗೆ ಬೇಸಗೆ ಉರಿಯುತ್ತಿದ್ದರೂ ಗೆದ್ದಲು ಕಟ್ಟಿದ ಹುತ್ತದ ಒಳಗೆ ಕಾವು ಹೆಚ್ಚು ಏರಿಳಿಯದೆ, ಗಾಳಿ ತೇವವಾಗಿ ನಿಲ್ಲುವುದು. ಕಟ್ಟಿದ್ದು ಗೆದ್ದಲು, ಸೇರಿದ್ದು ಹಾವು ಎಂದು ಜನ ಆಡಿಕೊಳ್ಳುವುದುಂಟು. ಸೇರಿದ ಹಾವಿಗೆ ಕಾರಣವಿತ್ತು. ಹುತ್ತಕ್ಕೆ ತನಿಯೆರೆಯುವ ಗೃಹಿಣಿಯರಿಗೆ ಹಾಲನ್ನು ಹಾವು ಕುಡಿಯದೆಂದು ಹೇಳುವವರು, ಮೊಟ್ಟೆಯ ತೊಟ್ಟಿಲು ಹುತ್ತವೆಂಬ ಅವರ ತಿಳಿವಳಿಕೆ ಸರಿಯೆಂಬುದನ್ನೂ ಜೊತೆಗೆ ಹೇಳಬಹುದು.

ಒಂದು ಕಡೆ ಮಾತ್ರ ಕವಿ ನಿಸರ್ಗವನ್ನು ತಲೆಕೆಳಗು ಮಾಡಿದ್ದಾನೆ. ಗರುಡಪಕ್ಷಿಯ ಮೊಟ್ಟೆ ಒಂದು ತಿಂಗಳಿನ ಆಸುಪಾಸಿನಲ್ಲಿ ಮರಿಯಾಗುವುದು. ನಾಗರದ್ದಕ್ಕೆ ಅದರ ಇಮ್ಮಡಿ ಕಾಲ ಬೇಕು. ಕಥೆಯಲ್ಲಿ ಹಾವಿಗೆ 500, ಗರುಡನಿಗೆ 1000. ವಿನತೆ ಕಾಯದಿದ್ದರೆ ಕಥೆಯೇ ಇಲ್ಲ. ಆದುದರಿಂದ ಈ ಅದಲುಬದಲು ಕ್ಷಮ್ಯ.

ಕನ್ನಡಕ್ಕೆ ಬಂದರೆ ಮೊದಲು ಹೆಸರಿಸಬೇಕಾದದ್ದು 'ಖಗೇಂದ್ರಮಣಿದರ್ಪಣ'. ವಿಜಯನಗರದ ಆರಂಭಕಾಲದವನಾದ ಜೈನಕವಿ ಮಂಗರಾಜನು 14ನೆಯ ಶತಮಾನದಲ್ಲಿ ರಚಿಸಿದ ವಿಷವೈದ್ಯ ಗ್ರಂಥವಿದು. 1942ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಅಚ್ಚಾಯಿತು. ಖಗೇಂದ್ರನೆಂದರೆ ಗರುಡ, ವಿನತೆಯ ಆ ಎರಡನೆಯ ಮೊಟ್ಟೆಯಿಂದ ಹೊರಬಂದವನ ಹೆಸರೇ ವಿಷಕ್ಕೆ ಪ್ರತಿವಿಷವೆಂಬ ಅರ್ಥದಲ್ಲಿ ಗ್ರಂಥಕ್ಕೆ ಬಂದಿರುವುದು. ಪೂಜ್ಯಪಾದರ ಪರಂಪರೆಯನ್ನು ಅನುಸರಿಸಿದ ಈ ಕವಿ ಔಷಧದ ಗುಣಪಾಠವನ್ನು ಕಂದವೃತ್ತಗಳಲ್ಲಿ ಹೇಳಿದನು. ಶಾಸ್ತ್ರವನ್ನು ಪದ್ಯದಲ್ಲಿ ಹೇಳಿದರೆ ಎರಡೂ ಕೆಡುವುದೆಂದು ಇಂದಿನವರು ಗೊಣಗಬಹುದು. ಪುಸ್ತಕ ಕೈಯಲ್ಲಿಲ್ಲದ ಹಳ್ಳಿಯ ಪಂಡಿತನಿಗೆ ನಡುರಾತ್ರಿಯಲ್ಲಿ ನೆನಪಿಗೆ ಬರಬೇಕಾದದ್ದು ಪದ್ಯವೇ ಹೊರತು ಗದ್ಯವಲ್ಲ. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂದು ತೋರಿಸಿದ್ದೇ ಅವನ ದೊಡ್ಡ ಕೆಲಸ. ಅದರಲ್ಲಿರುವ ಚಿಕಿತ್ಸೆಯನ್ನು ಇಂದು ನೆಚ್ಚಿ ಕೂಡುವುದು ಬೇರೆಯ ಮಾತು.

ಮಣಿಯ ಕಲ್ಪನೆ ಎಲ್ಲ ದೇಶಗಳನ್ನೂ ಸುತ್ತಿ ಬಂದದ್ದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮುತ್ತು ಹುಟ್ಟುವ ಎಡೆಗಳನ್ನು ಎಣಿಸುವಾಗ ಸಿಂಪಿ, ಶಂಖ, ಆನೆ, ಬಿದಿರುಗಳ ಜೊತೆಗೆ ಹಾವೂ ಸೇರಿದೆ. ರೋಮಿನ ಪ್ಲಿನಿ ಮೊದಲನೆಯ ಶತಮಾನದಲ್ಲಿ ಡ್ರಾಗನ್ನಿನ ಮಿದುಳಿನೊಳಗಿನ ರತ್ನವನ್ನು ಕುರಿತು ಬರೆದನು. ಭಾರತದ ಡ್ರಾಗನ್ನುಗಳು ಆನೆಗಳನ್ನು ಸುತ್ತಿ ಅವುಗಳ ನೆತ್ತರನ್ನು ಹೀರುವುವೆಂದೂ, ಸತ್ತ ಆನೆಯ ಭಾರಕ್ಕೆ ತಾವೂ ಜಜ್ಜಿಹೋಗುವುವೆಂದೂ ಹೇಳಿದನು. ಅವನ ಡ್ರಾಗನ್ ಈ ನಾಡಿನ ಹೆಬ್ಬಾವೇ ಇರಬೇಕು, ದೂರ ಪ್ರಯಾಣದಲ್ಲಿ ಮೈ ಬೆಳೆದದ್ದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇಂತಹುದೇ ಒಂದು ಸರಪಣಿಯ ಶಿಲ್ಪವಿದೆ: ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಕಂಡ ಮೃಗಗಳು ಮುಗಿದ ಕಡೆಯಲ್ಲಿ ಕಾಣದ ಮೃಗಗಳು ಆರಂಭವಾಗುವುವು. ಜೋಡಣೆ ಎಲ್ಲಿಯೂ ಕಾಣದು. ಪ್ಲಿನಿಯ ಪುಟಕ್ಕಿಂತ ಹೊಯ್ಸಳ ಶಿಲ್ಪಿಯ ಅಂಗುಲದಗಲದ ಕಲ್ಲು ಮೇಲಾದದ್ದೆಂದು ಹೇಳಲು ಸಂಕೋಚ ಬೇಕಿಲ್ಲ.

ಹೊಸಗನ್ನಡ ಸಾಹಿತ್ಯದಲ್ಲಿ ಈ ವಸ್ತುವನ್ನು ಮುಟ್ಟಿದವರಲ್ಲಿ ಗಿರೀಶ ಕಾರ್ನಾಡರ 'ನಾಗಮಂಡಲ' ಮುಖ್ಯವಾದದ್ದು. ಎ. ಕೆ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿದ ಈ ನಾಟಕದಲ್ಲಿ ಹುತ್ತಕ್ಕೆ ಬಿದ್ದ ಮದ್ದನ್ನು ಕುಡಿದ ನಾಗ ಗಂಡನ ರೂಪದಿಂದ ರಾಣಿಯ ಬಳಿಗೆ ಬರುವುದು, ಅವಳು ಬಸುರಿಯಾಗುವಳು. ಹುಟ್ಟುವುದು ಮನುಷ್ಯನ ಮಗು. ಅದರ ಮೈಯಲ್ಲಿ ಹಾವಿನ ಗುರುತೇನಾದರೂ ಇತ್ತೆ ಎಂಬುದನ್ನು ನಾಟಕಕಾರರು ಕೇಳಲಿಲ್ಲ. ಆದಿಪರ್ವದ ಕವಿಯಾಗಿದ್ದರೆ ಕೇಳದೆ ಬಿಡುತ್ತಿರಲಿಲ್ಲ. ಆ ಮಗುವಿನ ಕೈಯಿಂದಲೇ ಸತ್ತ ನಾಗನಿಗೆ ಸಂಸ್ಕಾರ ಮಾಡಿಸುವ ಒಂದು ಸಂದರ್ಭದಿಂದ ಅವರು ಆ ಕೊರತೆಯನ್ನು ತುಂಬಿಕೊಂಡರು. ರಂಗಕ್ಕೆ ಅಷ್ಟು ಸಾಕು.

ಈ ವಿಚಾರವನ್ನು ಬರಿಯ ರಸವಿಮರ್ಶೆಯೆಂದು ಬಿಡುವಂತಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000. ಸತ್ತವರಲ್ಲಿ ಬಹುಮಂದಿ ಹಳ್ಳಿಯವರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಘೋಷಿಸಿತು. ಕಚ್ಚಿದ ಗಾಯಕ್ಕೆ ಕಲ್ಲೊತ್ತಿ, ಮಂತ್ರ ಹಾಕಿಸಿ, ಹೊತ್ತು ಕಳೆದು ಆಸ್ಪತ್ರೆಗೆ ಬರುವವರ ಕೈಯಲ್ಲಿ ಪುರಾಣದ ಮಣಿ ಇನ್ನೂ ಇದೆ. ಕಾವ್ಯದ ಮಣಿಯನ್ನು ಕಾವ್ಯದಲ್ಲಿ ನಂಬಿ, ಕಚ್ಚಿದಾಗ ಪ್ರತಿವಿಷದ ಸೂಜಿಯನ್ನು ನಂಬುವ ವಿವೇಕವನ್ನು ಓದುಬರಹ ಬಲ್ಲ ಮನೆಗಳು ಮೊದಲು ತೋರಿಸಬೇಕು. ಹಾವನ್ನು ಕಂಡಲ್ಲಿ ಬಡಿಯುವುದೂ ಆ ವಿವೇಕಕ್ಕೆ ಸೇರಿದ್ದಲ್ಲ. ಹೊಲಗಳು ನಿವೇಶನಗಳಾಗುತ್ತ ಬಂದಿರುವ ಯಲಹಂಕದ ಆಚೆಯ ಸೀಮೆಯಲ್ಲಿ ಬಿಲವನ್ನೂ ಹುತ್ತವನ್ನೂ ಕಳೆದುಕೊಂಡ ಹಾವು ಹೊಸ ಮನೆಯ ಇಟ್ಟಿಗೆ ರಾಶಿಯನ್ನಲ್ಲದೆ ಇನ್ನೆಲ್ಲಿಗೆ ಹೋದೀತು?

ತಾಯಿಹಾವು ಮೊಟ್ಟೆಗಳನ್ನು ತಿಂದು ಕಡೆಗೆ ಕರುಣೆಯಿಂದ ಕೆಲವನ್ನು ಬಿಡುವುದೆಂಬ ಪುರಾಣದ ಮಾತೊಂದು ಉಳಿಯಿತು. ಅದಕ್ಕೆ ಉತ್ತರ ಮಲೆನಾಡಿನ ಆಗುಂಬೆಯಲ್ಲಿದೆ. ಕಾಳಿಂಗಸರ್ಪದ ಹೆಣ್ಣು ಬೇಸಗೆಯ ಕೊನೆಯಲ್ಲಿ, ಕೈಯಿಲ್ಲದ ಮೈಯಿಂದ, ಸುರುಳಿಯಲ್ಲಿ ಎಳೆದೆಳೆದು ತರಗೆಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟುವುದು. ಜಗತ್ತಿನ ಹಾವುಗಳಲ್ಲಿ ಹೀಗೆ ಎಲೆಯ ಗೂಡು ಕಟ್ಟುವುದು ಈ ಕುಲವೊಂದೇ. ಅದರಲ್ಲಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನಿಟ್ಟು, ಮೇಲೆ ಕುಳಿತು, ಉಣ್ಣದೆ ವಾರಗಟ್ಟಲೆ ಕಾಯುವುದು. ಆಗುಂಬೆಯ ಮಳೆ ಹೊಡೆದರೂ ಗೂಡಿನ ನಡುವೆ ನೀರು ಇಳಿಯದಂತೆ ಎಲೆಗಳು ಒತ್ತಾಗಿ ಕೂತಿರುವುವು. ಒಳಗೆ ಬೆಚ್ಚನೆಯೂ ತೇವವೂ ನಿಂತಿರುವುವು. ಕಾಳಿಂಗನ ಆಹಾರ ಹಾವುಗಳೇ. ಮರಿಗಳು ಹೊರಬರುವ ಕಾಲ ಹತ್ತಿರವಾದಾಗ ತಾಯಿ ಗೂಡನ್ನು ಬಿಟ್ಟು ಹೊರಟುಹೋಗುವುದು. ಹಸಿದ ತಾನು ತನ್ನ ಮರಿಗಳನ್ನೇ ನುಂಗದಿರಲೆಂದು ಹಾಗೆ ಹೋಗುವುದೆಂದು ಅಲ್ಲಿಯ ಜನ ಹೇಳುವರು. ಪುರಾಣಕಾರನ ಕರುಣೆಯ ಮಾತು ಹುಟ್ಟಿದ್ದು ಇಂತಹ ಯಾವುದೋ ಕಾಡಿನಂಚಿನಲ್ಲಿ ಇರಬಹುದು. 1836ರಿಂದ ಒಂದೇ ಜಾತಿಯೆಂದು ತಿಳಿದಿದ್ದ ಈ ಸರ್ಪವನ್ನು 2024ರಲ್ಲಿ ಪಿ. ಗೌರಿಶಂಕರ್ ಮತ್ತು ಅವರ ಜೊತೆಯ ವಿಜ್ಞಾನಿಗಳು ನಾಲ್ಕು ಜಾತಿಗಳಾಗಿ ವಿಂಗಡಿಸಿದರು. ಪಶ್ಚಿಮಘಟ್ಟಗಳ ಜಾತಿಗೆ ಅವರು ಕೊಟ್ಟ ಶಾಸ್ತ್ರೀಯ ನಾಮ 'ಒಫಿಯೊಫೇಗಸ್ ಕಾಳಿಂಗ'. ಲ್ಯಾಟಿನ್ ಪಟ್ಟಿಯಲ್ಲಿ ಈಗ ಮಲೆನಾಡಿಗರ ಬಾಯಿಮಾತಿನ ಆ ಹೆಸರೇ ನಿಂತಿದೆ.